ಮೆತ್ತಗಾದ ರೊಟ್ಟಿ

ಮಗಳು ಅಳಿಯ ಸೇರಿ ಸಿಂಧನೂರಿನ ಗುರುಬಸವನನ್ನು ಕಾರಿನಲ್ಲಿ ಕೂರಿಸಿಕೊಂಡು ಗೋಕರ್ಣದ ಸಮುದ್ರಕ್ಕೆ ಹೊರಟಾಗ, ಎಷ್ಟು ದಿನ, ಯಾಕೆ ಎಂದು ಅವನು ಒಂದು ಮಾತೂ ಕೇಳಲಿಲ್ಲ. ಹೆಂಡತಿ ಶೇಖರಮ್ಮ ತೀರಿಕೊಂಡು ಐವತ್ತು ದಿನ ಆಗಿತ್ತು. ಈ ಐವತ್ತು ದಿನಗಳಲ್ಲಿ ಯಾರು ಏನು ಹೇಳಿದರೂ ಹೂಂ ಅನ್ನುವುದು ಅವನಿಗೆ ರೂಢಿಯಾಗಿಬಿಟ್ಟಿತ್ತು. ಊಟಕ್ಕೆ ಏಳು ಅಂದರೆ ಎದ್ದ, ಅಂಗಡಿಗೆ ನಡಿ ಅಂದರೆ ನಡೆದ. ಸಾಲಗುಂದದವನು ಬಂದು ಗೊಬ್ಬರ ಕೇಳಿದರೆ ಗೊಬ್ಬರ ಕೊಟ್ಟ, ವಳಕಮದಿನ್ನಿಯವನು ಬಂದು ಭತ್ತಕ್ಕೆ ಹುಳ ಬಿದ್ದಿದೆ ಎಂದರೆ ಹುಳ ಕೊಲ್ಲುವ ಎಣ್ಣೆಯ ಡಬ್ಬಿ ಇಳಿಸಿಕೊಟ್ಟ. ಅಳಲಿಲ್ಲ. ಜನ ಇವನನ್ನು ಗಟ್ಟಿ ಮನುಷ್ಯ ಎಂದರು. ಜನಕ್ಕೇನು, ಬಾಯಿಗೆ ಬಂದದ್ದು ಅನ್ನುತ್ತಾರೆ. ಬಹಳ ಹೊತ್ತು ಮಡಚಿಕೊಂಡು ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ಅವನಿಗೆ ಒಳಗಿನಿಂದ ಜೋಮು ಹಿಡಿದಿತ್ತು, ಅಷ್ಟೇ.

ಈ ಸಮುದ್ರದ ಯೋಚನೆ ಅಳಿಯ ವಿರೇಶನದು. ಲಿಂಗಸೂಗೂರಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿರುವ ವಿರೇಶ ಒಳ್ಳೆಯವನು, ಆದರೆ ಒಳ್ಳೆಯದು ಮಾಡಲು ನಿಂತರೆ ಎದುರಿನವರಿಗೆ ಉಸಿರಾಡಲು ಬಿಡದವನು. ಮೊಬೈಲಿನಲ್ಲಿ ಎರಡು ವಾರ ಹುಡುಕಿ, ಸಮುದ್ರದ ದಂಡೆಯ ಅಪಾರ್ಟ್‌ಮೆಂಟ್ ಒಂದರಲ್ಲಿ ಮೂರು ದಿನಕ್ಕೆ ಫ್ಲ್ಯಾಟು ಹಿಡಿದಿದ್ದ. ಎರಡು ಕೋಣೆ, ಅಡುಗೆಮನೆ, ನೀರು ಕಾಣುವ ಬಾಲ್ಕನಿ. ಹೋಟೆಲ್ ಊಟ ಮಾವನವರಿಗೆ ಒಗ್ಗದು, ಅಡುಗೆಮನೆ ಇರಲೇಬೇಕು ಎಂದು ಹಟ ಹಿಡಿದವನೂ ಅವನೇ. ಹಾಗಾಗಿ ಅವನ ಹೆಂಡತಿ ಮಹೇಶ್ವರಿ ತವರಿನ ಅಡುಗೆಮನೆಗೆ ನುಗ್ಗಿ, ಕೈಗೆ ಸಿಕ್ಕಿದ್ದನ್ನೆಲ್ಲ ಬುತ್ತಿ ಕಟ್ಟಿದಳು. ತಪ್ಪು ನಡೆದದ್ದು ಅಲ್ಲೇ.

ಮೊದಲು ರೊಟ್ಟಿಯ ವಿಷಯ ಹೇಳಬೇಕು. ಶೇಖರಮ್ಮ ಪಾಮನಕಲ್ಲೂರಿನ ಹೆಣ್ಣು, ಒಣಬೇಸಾಯದ ಸೀಮೆಯವಳು. ಕಾಲುವೆ ನೀರು ಕುಡಿದು ಎರಡು ಹೊತ್ತೂ ಅನ್ನ ಉಣ್ಣುವ ಸಿಂಧನೂರಿಗೆ ಸೊಸೆಯಾಗಿ ಬಂದರೂ ರೊಟ್ಟಿ ಬಿಡಲಿಲ್ಲ. ಅವಳು ಬಡಿದ ಜೋಳದ ರೊಟ್ಟಿ ಹಾಳೆಯಷ್ಟು ತೆಳು. ಒಣಗಿಸಿ ಖಡಕ್ ಮಾಡಿ ಇಟ್ಟರೆ ಎರಡು ತಿಂಗಳು ಕೆಡುತ್ತಿರಲಿಲ್ಲ. ನೆರೆಹೊರೆಯ ಹೆಂಗಸರು ಬಂದು ನೋಡಿ, ನಮ್ಮ ಕೈಗೆ ಇದು ಬರಲ್ಲ ಬಿಡವ್ವ ಎಂದು ಎದ್ದು ಹೋಗುತ್ತಿದ್ದರು.

ಸಾಯುವ ಎರಡು ದಿನ ಮುಂಚೆ, ಒಂದು ಸೋಮವಾರ, ಅವಳು ಒಂದು ಹೇರು ರೊಟ್ಟಿ ಬಡಿದಿದ್ದಳು. ಬಡಿಯುತ್ತಾ ಬಡಿಯುತ್ತಾ, "ಕೈ ಯಾಕೋ ಭಾಳ ಜಗ್ಗಾಕತ್ತೈತಿ ನೋಡ್ರಿ" ಎಂದಳು. "ಮುಲಾಮು ಹಚ್ಕೋ" ಎಂದ ಗುರುಬಸವ. ಬುಧವಾರ ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತವಳು ಏಳಲಿಲ್ಲ. ಆಸ್ಪತ್ರೆಯ ಡಾಕ್ಟರು ಹೃದಯಾಘಾತ ಎಂದರು. ಮೊದಲು ಎದೆನೋವು, ಕೈನೋವು ಏನಾದರೂ ಅಂತಿದ್ದರಾ ಎಂದು ಕೇಳಿದರು. "ಏನಿಲ್ಲ ರೀ" ಎಂದ. ಯಾಕೆ ಹಾಗಂದನೋ ಅವನಿಗೂ ತಿಳಿಯಲಿಲ್ಲ, ಮಾತು ತಾನಾಗಿ ಬಂದುಬಿಟ್ಟಿತು. ಒಮ್ಮೆ ಅಂದ ಮೇಲೆ ಮಗಳಿಗೂ ಅದನ್ನೇ ಅಂದ, ಮಸ್ಕಿಯಿಂದ ಓಡಿಬಂದ ನಾದಿನಿ ಶಿವಕುಮಾರಿಗೂ ಅದನ್ನೇ ಅಂದ.

ಮಣ್ಣು ಮಾಡಿ ಬಂದ ಮೇಲೆ ನೋಡುತ್ತಾನೆ, ಆ ರೊಟ್ಟಿಗಳು ಬುಟ್ಟಿಯಲ್ಲಿ ಹಾಗೇ ಇವೆ. ಹಾಳೆಯಂಥ ರೊಟ್ಟಿ ಅಲ್ಲ. ದಪ್ಪ. ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು, ಅಂಚು ಬಿರಿದಿದೆ. ಮೂವತ್ತೆರಡು ವರ್ಷದಲ್ಲಿ ಆ ಕೈಯಿಂದ ಅಂಥ ರೊಟ್ಟಿ ಬಂದಿರಲಿಲ್ಲ. ತಿನ್ನಲು ಅವನಿಗೆ ಬಾಯಿ ಬರಲಿಲ್ಲ, ಚೆಲ್ಲಲು ಕೈ ಬರಲಿಲ್ಲ. ಆ ದಿನಗಳಲ್ಲಿ ಮಹೇಶ್ವರಿ ಅಪ್ಪನಿಗೆಂದು ಲಿಂಗಸೂಗೂರಿನ ಹೆಂಗಸರ ರೊಟ್ಟಿ ಕೇಂದ್ರದಿಂದ ಒಂದು ರಟ್ಟಿನ ಡಬ್ಬಿ ತುಂಬ ರೊಟ್ಟಿ ಕಳಿಸಿದ್ದಳು. ಅವನ್ನೆಲ್ಲ ಅಂಗಡಿಯ ಹಮಾಲರಿಗೆ ಕೊಟ್ಟು, ಯಾರ ಕಣ್ಣಿಗೂ ಬೀಳದಿರಲೆಂದು ಶೇಖರಮ್ಮನ ರೊಟ್ಟಿಗಳನ್ನು ಅದೇ ಡಬ್ಬಿಗೆ ತುಂಬಿ ಅಟ್ಟದ ಮೇಲಿಟ್ಟ. ಬಹಳ ಜಾಣತನ ಮಾಡಿದೆ ಅಂದುಕೊಂಡಿದ್ದ.

ಗಂಗಾವತಿ, ಕೊಪ್ಪಳ, ಹುಬ್ಬಳ್ಳಿ ದಾಟಿ, ಯಲ್ಲಾಪುರದ ಘಟ್ಟ ಇಳಿದು ಫ್ಲ್ಯಾಟು ತಲುಪುವಾಗ ಸಂಜೆಯಾಗಿತ್ತು. ಬೀಗದ ಕೈ ಕೊಟ್ಟ ಹೆಂಗಸು ಎಲ್ಲೆಲ್ಲಿ ಏನಿದೆ ಎಂದು ತೋರಿಸಿ ಹೋದಳು. ವಿರೇಶ ಬಾಲ್ಕನಿಯ ಬಾಗಿಲು ತೆರೆದು, "ನೋಡ್ರಿ ಮಾವಾ, ಸಮುದ್ರ!" ಎಂದು ತಾನೇ ತೋಡಿಸಿದವನ ಹಾಗೆ ಕೈ ಚಾಚಿದ. ಗುರುಬಸವ ನೋಡಿದ. ದೊಡ್ಡದಿತ್ತು. "ಛಲೋ ಐತ್ರಿ" ಎಂದ.

ಒಳಗೆ ಮಹೇಶ್ವರಿ ಪೇಪರು ಹಾಸಿ ಬುತ್ತಿ ಬಿಚ್ಚಿದಳು. ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಆಮೇಲೆ ರಟ್ಟಿನ ಡಬ್ಬಿ. ಅದನ್ನು ಕಂಡದ್ದೇ ತಡ, ಗುರುಬಸವನ ಕೈ ತಟ್ಟೆಯ ಮೇಲೆ ನಿಂತುಬಿಟ್ಟಿತು.

"ನಾ ಕಳಿಸಿದ ರೊಟ್ಟಿ ಮುಟ್ಟೇ ಇಲ್ಲಲ್ಲಪ್ಪ ನೀ" ಎಂದಳು ಮಹೇಶ್ವರಿ. "ಅದಕ್ಕ ಡಬ್ಬಿ ಸಮೇತ ಹೊತ್ಕೊಂಡು ಬಂದೀನಿ. ಇಲ್ಲಿ ನನ್ನ ಮುಂದ ತಿನ್ನು."

ಇವು ನಿಮ್ಮವ್ವ ಬಡಿದವು ಎಂದು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಅಲ್ಲಿಗೇ ಮುಗಿಯುವ ಮಾತಲ್ಲವಲ್ಲ ಅದು. ಯಾಕೆ ಬಚ್ಚಿಟ್ಟೆ ಅನ್ನುತ್ತಾಳೆ. ಯಾಕೆ ಇಷ್ಟು ದಪ್ಪ ಅನ್ನುತ್ತಾಳೆ. ಆಗ ಕೈ ಜಗ್ಗಿದ ಮಾತು ಬರುತ್ತದೆ, ಮುಲಾಮಿನ ಮಾತು ಬರುತ್ತದೆ, ಡಾಕ್ಟರಿಗೆ ಹೇಳಿದ ಸುಳ್ಳು ಹೊರಗೆ ಬೀಳುತ್ತದೆ. ಗುರುಬಸವ ತಟ್ಟೆ ಹತ್ತಿರ ಎಳೆದುಕೊಂಡ.

ಮಹೇಶ್ವರಿ ಒಂದು ತುಂಡು ಮುರಿದು ಬಾಯಿಗಿಟ್ಟವಳು ಮುಖ ಸಿಂಡರಿಸಿದಳು. "ಅಯ್ಯ, ಎಷ್ಟು ದಪ್ಪ ಅದಾವ! ಕೇಂದ್ರದಾಗ ಯಾರೋ ಕೈಯಾಗ ಕಸುವಿಲ್ಲದಾಕಿ ಬಡದಾಳ. ನಮ್ಮವ್ವ ಇದ್ದಿದ್ರ ಇವನ್ನ ಎಮ್ಮಿಗೆ ಹಾಕ್ತಿದ್ಲು."

"ಹಂಗನಬ್ಯಾಡ ಬಿಡು, ಹೊಟ್ಟಿ ಹಸದೈತಿ, ಎಲ್ಲಾ ರುಚೀನ" ಎಂದು ವಿರೇಶ ಎರಡು ತಿಂದ. ಮಹೇಶ್ವರಿ ಗೊಣಗುತ್ತಲೇ ಒಂದು ತಿಂದಳು. ಗುರುಬಸವನ ತಟ್ಟೆಗೂ ಒಂದು ಬಿತ್ತು. ಐವತ್ತು ದಿನ ಮುಟ್ಟದ ರೊಟ್ಟಿಯನ್ನು ಅವನು ಹಿಂಡಿ ಹಚ್ಚಿಕೊಂಡು, ಮೊಸರು ಹಾಕಿಕೊಂಡು, ಪೂರ್ತಿ ತಿಂದ. ಗಂಟಲಿಗೆ ಸಿಕ್ಕಲಿಲ್ಲ, ಕಣ್ಣಿಗೆ ನೀರು ಬರಲಿಲ್ಲ. ಹೆಂಡತಿಯ ಕೊನೆಯ ರೊಟ್ಟಿ ತಿಂದರೂ ತನಗೆ ಏನೂ ಆಗಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಆ ನಾಚಿಕೆಯೂ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ಮೂವರೂ ದಂಡೆಗೆ ಇಳಿದರು. ಹಿಂದಿನ ಸಂಜೆ ಕಲ್ಲಿನ ಕಟ್ಟೆಯ ತನಕ ಇದ್ದ ನೀರು ಈಗ ನೂರು ಹೆಜ್ಜೆ ಆಚೆ ಹೋಗಿತ್ತು. ಗುರುಬಸವ ಒಂದು ಕ್ಷಣ ನಿಂತು ನೋಡಿ, ಅಳಿಯನ ಕಡೆ ತಿರುಗಿ, "ನೀರು ಬಂದ್ ಮಾಡ್ಯಾರೇನ್ರಿ?" ಎಂದ.

ವಿರೇಶ ಹೊಟ್ಟೆ ಹಿಡಿದುಕೊಂಡು ನಕ್ಕ. ನಗಲಿ ಪಾಪ. ಆದರೆ ಕಾಲುವೆ ಸೀಮೆಯವನು ಬೇರೇನು ಕೇಳಿಯಾನು? ನಮ್ಮ ಕಡೆ ನೀರು ತಾನಾಗಿ ಇಳಿಯುವುದಿಲ್ಲ. ಇಳಿದರೆ ಮೇಲೆ ಎಲ್ಲೋ ಯಾರೋ ಗೇಟು ಇಳಿಸಿದ್ದಾರೆ ಎಂದೇ ಅರ್ಥ. ಎರಡನೇ ಬೆಳೆಗೆ ನೀರು ಬಿಡುತ್ತಾರೋ ಇಲ್ಲವೋ ಎಂದು ಅಂಗಡಿಯ ಕಟ್ಟೆಯ ಮೇಲೆ ಇಡೀ ದಿನ ವಾದ ಕೇಳಿದ ಕಿವಿ ಅದು. "ಇಲ್ಲಿ ಗೇಟಿಲ್ಲ ಮಾವಾ, ತಾನ ಹೋಗ್ತೈತಿ, ತಾನ ಬರ್ತೈತಿ" ಎಂದು ವಿರೇಶ ಕಣ್ಣೊರೆಸಿಕೊಂಡ. ಯಾರೂ ನಿಲ್ಲಿಸದೆ ನೀರು ಹೀಗೆ ಹೋಗಿಬಿಡುತ್ತದೆ ಎನ್ನುವುದು ಗುರುಬಸವನಿಗೆ ಯಾಕೋ ಹಿಡಿಸಲಿಲ್ಲ.

ಆ ದಿನ ವಿರೇಶ ಮಾವನನ್ನು ಬಿಡಲಿಲ್ಲ. ಮಹಾಬಲೇಶ್ವರನ ಗುಡಿಗೆ ಕರೆದೊಯ್ದ. ಗುರುಬಸವ ಅಂಗಿ ಬಿಚ್ಚಿ ಸಾಲಿನಲ್ಲಿ ನಿಂತು, ಬಗ್ಗಿ ಲಿಂಗ ಮುಟ್ಟಿ ಬಂದ. ಏನು ಬೇಡಿಕೊಂಡ್ರಿ ಎಂದರೆ ನೆನಪಾಗಲಿಲ್ಲ. ಕುಡ್ಲೆಯ ದಂಡೆಯಲ್ಲಿ ಎಳನೀರು ಕುಡಿಸಿದ. ಒಣಮೀನಿನ ವಾಸನೆಗೆ ಮಹೇಶ್ವರಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡಿದಳು, ಗುರುಬಸವನಿಗೆ ವಾಸನೆಯೇ ಬರಲಿಲ್ಲ. ದೋಣಿ ಹತ್ತಿಸಿ ದೂರ ಕರೆದೊಯ್ದು ಡಾಲ್ಫಿನ್ ತೋರಿಸಿದರು. ಎಲ್ಲರೂ ಅಲ್ಲಿ, ಅಲ್ಲಿ ಎಂದು ಕೂಗಿದಾಗ ಇವನೂ ಅಲ್ಲಿ ಎಂದ. "ಮಾವಾ, ಸ್ವಲ್ಪ ನಗ್ರಿ" ಎಂದು ವಿರೇಶ ಫೋಟೋ ಹಿಡಿದ. ಗುರುಬಸವ ಹಲ್ಲು ತೋರಿಸಿದ. ಫೋಟೋ ಚೆನ್ನಾಗಿಯೇ ಬಂತು. ಬೀಗರ ವಾಟ್ಸಾಪ್ ಗುಂಪಿಗೆ ಹಾಕಿದ ಐದು ನಿಮಿಷಕ್ಕೆ ಮಸ್ಕಿಯಿಂದ ಶಿವಕುಮಾರಿ ಉತ್ತರ ಕಳಿಸಿದಳು: "ಭಾವ ಆರಾಮ್ ಆಗ್ಯಾರ, ನೋಡಿ ಸಂತೋಷ ಆತು."

ಮೂರನೆಯ ದಿನ ಬೆಳಿಗ್ಗೆ ಹೊರಡುವ ತಯಾರಿ. ವಿರೇಶ ಕೆಳಗೆ ಕಾರು ಒರೆಸಲು ಹೋಗಿದ್ದ. ಅಡುಗೆಮನೆಯಲ್ಲಿ ಮಹೇಶ್ವರಿ ಡಬ್ಬಿ ತೆರೆದು, "ಅಯ್ಯೋ ಶಿವನ" ಎಂದಳು. ಗುರುಬಸವ ಹೋಗಿ ನೋಡಿದ. ಸಮುದ್ರದ ತೇವದ ಗಾಳಿ ಕುಡಿದು ಖಡಕ್ ರೊಟ್ಟಿಗಳೆಲ್ಲ ಮೆತ್ತಗಾಗಿದ್ದವು. ಎತ್ತಿದರೆ ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತಿದ್ದವು. ಮುಗ್ಗು ವಾಸನೆ ಬೇರೆ. ನಮ್ಮೂರಿನ ಬಿಸಿಲಿಗೆ ಎರಡು ತಿಂಗಳು ತಡೆಯುವ ರೊಟ್ಟಿ ಇಲ್ಲಿ ಎರಡು ದಿನ ತಡೆಯಲಿಲ್ಲ.

"ಕೆಟ್ಟಾವ. ಇನ್ನೇನು ತಿನ್ನಾಕ ಬರಂಗಿಲ್ಲ" ಎಂದು ಅವಳು ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ಸುರಿದಳು. "ಕೆಳಗ ದನಾ ಅಡ್ಡಾಡ್ತಾವ, ಅವಕ್ಕರ ಹಾಕೋಣು."

"ಕೊಡು ಇಲ್ಲಿ" ಎಂದ ಗುರುಬಸವ.

"ಯಾಕಪ್ಪ?"

"ಕಾಸ್ತೀನಿ. ಹಂಚಿನ ಮ್ಯಾಲ ಇಟ್ರ ಮತ್ತ ಖಡಕ್ ಆಗ್ತಾವ."

ಮಹೇಶ್ವರಿ ಬೆರಗಾಗಿ ಚೀಲ ಕೊಟ್ಟಳು. ಈ ಮನುಷ್ಯ ಇಷ್ಟು ವರ್ಷದಲ್ಲಿ ಒಂದು ದಿನ ಒಲೆ ಹಚ್ಚಿದವನಲ್ಲ, ಕುಡಿದ ನೀರಿನ ಲೋಟ ಎತ್ತಿಟ್ಟವನಲ್ಲ. ಲೈಟರನ್ನು ತಿರುಗಾಮುರುಗಾ ಹಿಡಿದು ನಾಲ್ಕು ಸಲ ಒತ್ತಿದ. ಕೊನೆಗೆ ಮಗಳೇ ಉರಿ ಹಚ್ಚಿ, ಫ್ಲ್ಯಾಟಿನವರ ದೋಸೆ ಹಂಚು ಇಟ್ಟುಕೊಟ್ಟಳು. ಅವನು ಒಂದು ರೊಟ್ಟಿ ಹಂಚಿಗೆ ಹಾಕಿ, ಅಂಚನ್ನು ಬೆರಳಿನಿಂದ ಒತ್ತುತ್ತಾ ನಿಂತ. ಬೆರಳು ಸುಟ್ಟಿತು, ತೆಗೆಯಲಿಲ್ಲ.

"ಏನ್ ಮಾಡಾಕತ್ತೀಯಪ್ಪ ನೀ?" ಮಹೇಶ್ವರಿ ಅವನ ಕೈ ಹಿಡಿದು ಎಳೆದಳು. "ಊರಿಗೆ ಹೋದಮ್ಯಾಗ ನೂರು ತರ್ಸಿಕೊಡ್ತೀನಿ. ಇವು ಹಾಳಾಗಿ ಹೋಗ್ಲಿ, ಬಿಡು." ಅಂದವಳೇ ಚೀಲ ಎತ್ತಿಕೊಂಡು ಬಾಗಿಲ ಕಡೆ ನಡೆದಳು.

"ಬಿಡಬೇ ಅದನ್ನ" ಎಂದ ಗುರುಬಸವ. ದನಿ ಏರಿರಲಿಲ್ಲ. "ನಿಮ್ಮವ್ವ ಬಡಿದವು ಅವು."

ಮಹೇಶ್ವರಿ ನಿಂತಳು. ಚೀಲದಲ್ಲಿ ನೋಡಿದಳು, ಅಪ್ಪನನ್ನು ನೋಡಿದಳು. "ಡಬ್ಬಿ ಕೇಂದ್ರದ್ದು."

"ಡಬ್ಬಿ ಕೇಂದ್ರದ್ದು. ರೊಟ್ಟಿ ಆಕಿವು. ನಾ ತುಂಬಿಟ್ಟಿದ್ದೆ."

ಅವಳು ಚೀಲವನ್ನು ಕಟ್ಟೆಯ ಮೇಲಿಟ್ಟು ಒಂದು ರೊಟ್ಟಿ ಹೊರಗೆ ತೆಗೆದಳು. ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. ಬಂದ ಸಂಜೆ ಹೆಸರಿಟ್ಟು ಹೆಸರಿಟ್ಟು ತಿಂದದ್ದು ಅವಳಿಗೆ ನೆನಪಾಗಿರಬೇಕು. "ನಮ್ಮವ್ವನ ಕೈ ಹಿಂಗಿದ್ದಿಲ್ಲಪ್ಪ" ಎಂದಳು. "ಇಷ್ಟು ದಪ್ಪ ಯಾಕ?"

ಐವತ್ತು ದಿನದಿಂದ ಅವನು ಹೆದರಿಕೊಂಡು ಬಂದ ಪ್ರಶ್ನೆ ಇದೇ. ಬಂದೇಬಿಟ್ಟಿತು. ಆದರೆ ಹೇಳುವಾಗ ಅವನಿಗೆ ಯಾವ ಕಷ್ಟವೂ ಆಗಲಿಲ್ಲ. ಅಂಗಡಿಯಲ್ಲಿ ಯಾವ ಬೆಳೆಗೆ ಯಾವ ಗೊಬ್ಬರ ಎಂದು ಹೇಳುವ ದನಿಯಲ್ಲೇ ಹೇಳಿದ.

"ಆ ಸೋಮವಾರ ಬಡದದ್ದು. ಕೈ ಜಗ್ಗಾಕತ್ತೈತಿ ಅಂದ್ಲು. ನಾ ಮುಲಾಮು ಹಚ್ಕೋ ಅಂದೆ. ಡಾಕ್ಟರ್ ಕೇಳಿದ್ರು, ಏನಿಲ್ಲ ಅಂದೆ. ನಿನಗೂ ಹಂಗ ಅಂದೆ."

ಮಹೇಶ್ವರಿ ಬೈಯುತ್ತಾಳೆ ಎಂದು ಕಾದ. ಬೈದರೆ ಒಳ್ಳೆಯದಿತ್ತು. ಅತ್ತು ಕೂಗಾಡಿದರೆ ಇನ್ನೂ ಒಳ್ಳೆಯದಿತ್ತು, ಎಲ್ಲೋ ಒಂದು ಕಡೆ ಚುರುಕ್ ಅಂದೀತು. ಅವಳು ಅದೊಂದನ್ನೂ ಮಾಡಲಿಲ್ಲ. ಹಂಚಿನ ಕೆಳಗಿನ ಉರಿ ಆರಿಸಿದಳು. ಕೆಳಗಿನಿಂದ ವಿರೇಶ ಹಾರ್ನ್ ಒತ್ತಿದ.

"ಯಾವ ಕೈ ಅಪ್ಪಾ?" ಎಂದಳು.

ಗುರುಬಸವ ಉತ್ತರ ಹೇಳಲು ಬಾಯಿ ತೆರೆದ. ಆ ಸೋಮವಾರವೆಲ್ಲ ಅವನಿಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಕೈಯಲ್ಲಿ ಪೇಪರು, ಅದರಲ್ಲಿ ಭತ್ತದ ಧಾರಣೆ, ಪಕ್ಕದಲ್ಲಿ ಆರಿಹೋಗುತ್ತಿದ್ದ ಚಹಾ. ರೊಟ್ಟಿ ಬಡಿಯುವ ಸದ್ದು ಇತ್ತು. ನಡುನಡುವೆ ಅದು ನಿಂತದ್ದು, ಮತ್ತೆ ಶುರುವಾದದ್ದು ನೆನಪಿತ್ತು. ಅವಳ ದನಿ ಇತ್ತು. ಎಡಗೈಯೋ, ಬಲಗೈಯೋ? ಯಾವ ಕೈಯನ್ನು ಯಾವ ಕೈಯಿಂದ ಹಿಡಿದುಕೊಂಡಿದ್ದಳು? ಹಿಡಿದುಕೊಂಡಿದ್ದಳೋ ಇಲ್ಲವೋ? ಎಷ್ಟು ಹುಡುಕಿದರೂ ಅಲ್ಲಿ ಪೇಪರೊಂದೇ ಕಾಣುತ್ತಿತ್ತು.

"ಗೊತ್ತಿಲ್ಲವ್ವ" ಎಂದ. "ನಾ ತಲಿ ಎತ್ತಿ ನೋಡಲಿಲ್ಲ."