ಬಾಳೆ ಎಲೆಯಲ್ಲಿ ಬೆಂದ ಗಾಜು

ನಬ್ಬೋಸಾಳ ಎಂಎಸ್ಸಿ ಪದವಿ ನಾಲ್ಕು ಗಾಜಿನ ಚೂರುಗಳ ಮೇಲೆ ನಿಂತಿತ್ತು. ಅವುಗಳ ಮೇಲೆ ಸತುವಿನ ಆಕ್ಸೈಡಿನ ಕಡ್ಡಿಗಳು ಬೆಳೆಯಬೇಕು; ಕೂದಲಿಗಿಂತ ಸಾವಿರ ಪಾಲು ಸಣ್ಣವು. ಗಾಜನ್ನು ದ್ರಾವಣದಲ್ಲಿ ಬೋರಲು ಮುಳುಗಿಸಿ ನಾಲ್ಕು ಗಂಟೆ ತೊಂಬತ್ತು ಡಿಗ್ರಿಯಲ್ಲಿ ಇಡಬೇಕು. ಕಂಪಾಲಾ ನಗರದ ನಮ್ಮ ಪ್ರಯೋಗಾಲಯದ ಓವನ್ನೋ, ಸುಟ್ಟು ಎಂಟು ತಿಂಗಳಾಗಿತ್ತು. ಇಪ್ಪತ್ತೆರಡು ವರ್ಷದಿಂದ ಇಲ್ಲಿ ಗಾಜು ತೊಳೆಯುವವಳು ನಾನು. ರಿಪೇರಿಗೆ ಚೀಟಿ ಬರೆದು ಬರೆದು ಸಾಕಾಗಿತ್ತು.

"ಬಿಡಜ್ಜಿ, ನನ್ನ ಹಣೆಬರಹ," ಅಂದಳು ನಬ್ಬೋಸಾ.

"ಹಣೆಬರಹವಂತೆ! ನಿಮ್ಮಮ್ಮ ಮಟೋಕೆ ಬಾಳೆಕಾಯಿನ ಎಲೆ ಮುಚ್ಚಿ ಹಬೇಲಿ ಬೇಯಿಸೋದು ನೋಡಿಲ್ವೇನೆ?" ಎಂದು ಗದರಿದೆ.

ಇದ್ದಿಲೊಲೆ ಹೊತ್ತಿಸಿ, ಪಾತ್ರೆಗೆ ನೀರು ಹಾಕಿ, ಬಾಳೆ ಎಲೆ ಒತ್ತಾಗಿ ಹಾಸಿ, ಗಾಜು ಮುಳುಗಿಸಿದ ದ್ರಾವಣದ ಬಾಟಲಿಯನ್ನು ನಡುವೆ ಕೂರಿಸಿ, ಮೇಲೆ ಮತ್ತಷ್ಟು ಎಲೆ ಮುಚ್ಚಿದೆ. ಸಂದಿಯಲ್ಲಿ ತೂರಿಸಿದ ಥರ್ಮಾಮೀಟರು ತೊಂಬತ್ತು, ತೊಂಬತ್ತೊಂದು ಬಿಟ್ಟು ಅಲುಗಲಿಲ್ಲ.

ನಾಲ್ಕು ಗಂಟೆಯ ಮೇಲೆ ಚೂರುಗಳನ್ನು ತೆಗೆದು ಬೆಳಕು ಅಳೆಯುವ ಯಂತ್ರದಲ್ಲಿಟ್ಟಾಗ ಕಣ್ಣಿಗೆ ಕಾಣುವ ಬೆಳಕು ನೂರಕ್ಕೆ ಎಂಬತ್ತೈದು ಪಾಲು ಗಾಜನ್ನು ದಾಟಿತು. ನೇರಳಾತೀತಕ್ಕೆ ಬಂದದ್ದೇ ಪರದೆಯ ಮೇಲಿನ ಗೆರೆ ಧೊಪ್ಪನೆ ಬಿತ್ತು. ಅದು ಬೀಳಬೇಕಾದ್ದೇ; ಕಡ್ಡಿಗಳು ಬೆಳೆದಿದ್ದರೆ ಆ ಬೆಳಕನ್ನು ಹೀರಿಕೊಳ್ಳುತ್ತವೆ. ನಾಲ್ಕೂ ಚೂರುಗಳಲ್ಲಿ ಒಂದೇ ಗೆರೆ. ನಬ್ಬೋಸಾ ಕುಣಿದಾಡಿದಳು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಅವಳ ಮಾರ್ಗದರ್ಶಕ ಡಾಕ್ಟರ್ ಕಯೆಂಬಾ ಪ್ರಬಂಧ ಓದಿ ಹುಬ್ಬು ಗಂಟಿಕ್ಕಿದರು. "ಬಾಳೆ ಎಲೆ ಅಂತ ಬರೀತೀಯಾ? ಹೊರಗಿನವರು ಬಿದ್ದು ಬಿದ್ದು ನಗ್ತಾರೆ. ಓವನ್ ಅಂತ ಬರಿ." ಬಾಗಿಲಲ್ಲಿ ನಿಂತಿದ್ದ ನನಗೂ ಅದು ಕೇಳಿಸಿತು. ಅವಳು ಹಾಗೇ ಬರೆದಳು.

ಹತ್ತು ತಿಂಗಳ ಮೇಲೆ, ಮೌಖಿಕ ಪರೀಕ್ಷೆಯ ದಿನ ಹೊರಗಿನ ಪರೀಕ್ಷಕರಿಗೆ ಚಹಾ, ಚಪಾತಿ ಕೊಟ್ಟೆ. "ಚಪಾತಿ ತಣ್ಣಗಿದೆಯಲ್ಲಮ್ಮ," ಅಂದರು.

"ಬಿಸಿ ಮಾಡೋಕೆ ಓವನ್ ಎಲ್ಲಿದೆ ಸಾರ್? ಒಂದೂವರೆ ವರ್ಷದಿಂದ ಸತ್ತು ಬಿದ್ದಿದೆ!" ಅಂದುಬಿಟ್ಟೆ. ಈ ಹಾಳು ಬಾಯಿಗೆ ಬೆಂಕಿ ಬೀಳ!

ಅವರು ಕಪ್ಪು ಕೆಳಗಿಟ್ಟು ಪ್ರಬಂಧದ ಪುಟ ತಿರುವಿದರು. "ಹಾಗಾದ್ರೆ ಇದು ಯಾವ ಓವನ್ನಮ್ಮ?"

ನಬ್ಬೋಸಾ ನನ್ನತ್ತ ನೋಡಿದಳು. ಅವಳು ಇದ್ದಿಲು, ಎಲೆ, ಹಬೆ, ಎಲ್ಲ ಹೇಳಿದಳು.

ಪರೀಕ್ಷಕರು ನಗಲಿಲ್ಲ. "ಎಲೆ ಅಂತಲೇ ಬರೆದಿದ್ರೆ ಇವತ್ತೇ ಪಾಸು ಮಾಡ್ತಿದ್ದೆ. ಇಲ್ಲದ ಓವನ್ ಬರೆದಿದ್ದೀಯ, ಹೇಗೆ ಮಾಡಲಿ? ಹೀಗೆ ಬರಿ ಅಂತ ಯಾರಾದ್ರೂ ಹೇಳಿದ್ರಾ?"

ಪಕ್ಕದ ಕುರ್ಚಿಯಲ್ಲಿ ಕಯೆಂಬಾ ತಮ್ಮ ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತಿದ್ದರು.

"ಇಲ್ಲ ಸಾರ್. ನಾನೇ," ಅಂದಳು ಹುಡುಗಿ.

ಚಹಾದ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದೆ. "ಹೇಳಿದ್ದು ಇವರು," ಎಂದು ಕಯೆಂಬಾ ಅವರತ್ತ ಬೆರಳು ತೋರಿಸಿದೆ.