ಹೊಟ್ಟಿನ ರಾಶಿಯ ಬಿಸಿ

ಅತ್ತಿಗೆ ಬಟ್ಟೆಯ ಗಂಟು ಬಿಚ್ಚಿ ಮೂರು ಉಂಡೆಗಳನ್ನು ಪ್ರಯೋಗಾಲಯದ ಮೇಜಿನ ಮೇಲಿಟ್ಟಳು. ಮರದ ಹೊಟ್ಟು, ಕಡಲೆಕಾಯಿ ಸಿಪ್ಪೆ, ಅಂಟಿಗೆ ಒಂದಿಷ್ಟು ಜೇಡಿಮಣ್ಣು ಸೇರಿಸಿ ಅಚ್ಚಿನಲ್ಲಿ ಒತ್ತಿದ ಉರುವಲು ಉಂಡೆಗಳು.

"ಒಂದರಲ್ಲಾದ್ರೂ ಬಿರುಕಿದೆಯಾ ನೋಡೇ."

"ನೋಡೋದು ನನ್ನ ಕೆಲಸ ಅಲ್ಲ ಅತ್ತಿಗೆ, ಸುಡೋದು," ಎಂದಳು ನಾದಿನಿ.

ಹಾಲಿನ ಕಾರ್ಖಾನೆಯ ಬಾಯ್ಲರಿಗೆ ಈ ಉಂಡೆಗಳು ಒಪ್ಪಿಗೆಯಾದರೆ ಅತ್ತಿಗೆಯ ಶೆಡ್ಡು ಉಳಿಯುತ್ತಿತ್ತು. ಇಲ್ಲದಿದ್ದರೆ ಬಾಗಿಲು ಹಾಕಬೇಕು, ಅಲ್ಲಿ ದುಡಿಯುವ ಹೆಂಗಸರು ಬೇರೆ ದಾರಿ ನೋಡಿಕೊಳ್ಳಬೇಕು. ಕಾರ್ಖಾನೆ ಕೇಳಿದ್ದು ಒಂದೇ: ಕಿಲೋ ಉಂಡೆಯಲ್ಲಿ ಮೂರು ಸಾವಿರದ ಎಂಟುನೂರು ಕಿಲೋಕ್ಯಾಲರಿಗೆ ಕಡಿಮೆಯಿಲ್ಲದಷ್ಟು ಬಿಸಿ.

ನಾದಿನಿ ಒಂದು ಉಂಡೆಯನ್ನು ಪುಡಿ ಮಾಡಿ, ಚಿಟಿಕೆಯಷ್ಟನ್ನು ಗುಳಿಗೆಯಾಗಿ ಒತ್ತಿ, ಉಕ್ಕಿನ ಡಬ್ಬದೊಳಗಿಟ್ಟು ಆಮ್ಲಜನಕ ತುಂಬಿದಳು. ಡಬ್ಬವನ್ನು ನೀರಿನಲ್ಲಿ ಮುಳುಗಿಸಿ ಒಳಗೆ ಕಿಡಿ ಹೊತ್ತಿಸಿದಳು. ನೀರು ಎಷ್ಟು ಬಿಸಿಯಾಯಿತೋ ಅದರ ಮೇಲೆ ಲೆಕ್ಕ. ಮೂರು ಸಾವಿರದ ಆರುನೂರ ನಲವತ್ತು ಬಂತು.

"ನಿನ್ನ ಡಬ್ಬಕ್ಕೇನು ಜ್ವರ ಬಂದಿದೆಯಾ?"

ನಾದಿನಿ ಉಳಿದೆರಡು ಉಂಡೆಗಳನ್ನೂ ಸುಟ್ಟಳು. ಹತ್ತಿರ ಹತ್ತಿರ ಅಷ್ಟೇ ಬಂತು. ಬಿಸಿ ಎಷ್ಟೆಂದು ಮೊದಲೇ ಗೊತ್ತಿರುವ ಬಿಳಿ ಗುಳಿಗೆಯನ್ನಿಟ್ಟು ಡಬ್ಬವನ್ನೇ ಪರೀಕ್ಷಿಸಿದಳು. ಸರಿಯಾಗಿತ್ತು.

"ಡಬ್ಬ ತಪ್ಪಿದ್ರೂ ಇಪ್ಪತ್ತೈದು ಮೂವತ್ತು ಆ ಕಡೆ ಈ ಕಡೆ ಅಷ್ಟೆ. ನಿಮಗೆ ಕಡಿಮೆ ಬಿದ್ದಿರೋದು ನೂರರವತ್ತು."

ನಾದಿನಿ ಡಬ್ಬ ತೊಳೆಯಲು ಹೋದಾಗ ಉಂಡೆಯ ಪುಡಿ ಸುಟ್ಟ ಪುಟ್ಟ ಬಟ್ಟಲಿನ ತಳದಲ್ಲಿ ಉಳಿದದ್ದನ್ನು ನೋಡಿದಳು. ಬೂದಿಯಲ್ಲ, ಬೆಂದ ಮಣ್ಣಿನ ಇಟ್ಟಿಗೆ ಬಣ್ಣದ ಹರಳು.

"ಇವನ್ನ ಹೇಗೆ ಆರಿಸಿದ್ರಿ?"

"ಹೇಗೇನು? ಅರ್ಧ ದಿನ ರಾಶಿ ಕೆದಕಿ, ನುಣ್ಣಗೆ ಇರೋದನ್ನೇ ಹುಡುಕಿ ತಂದೆ. ಪರೀಕ್ಷೆಗೆ ಒಡಕಲು ಕಳಿಸ್ತಾರಾ ಯಾರಾದ್ರೂ?"

ನಾದಿನಿಗೆ ನಗು ಬಂತು. ಶೆಡ್ಡಿನ ಹೆಂಗಸರೆಲ್ಲ ಮೊದಲು ಮಣ್ಣಿನ ಒಲೆ ಮಾಡುತ್ತಿದ್ದವರು. ಬಿರುಕುಬಿಟ್ಟ ಒಲೆ ವಾಪಸು ಬಂದರೆ ಅವರಿಗೆ ತಲೆ ಎತ್ತಲಾಗುತ್ತಿರಲಿಲ್ಲ. ಕೆಲಸ ಬದಲಾದರೂ ಕಣ್ಣು ಬದಲಾಗಿರಲಿಲ್ಲ. ಮಣ್ಣು ಹೆಚ್ಚಾದ ಉಂಡೆ ನುಣುಪು, ಹೊಟ್ಟು ಹೆಚ್ಚಾದದ್ದು ಬಿರುಕು. ಇಡೀ ರಾಶಿಯಲ್ಲಿ ಎಲ್ಲಕ್ಕಿಂತ ಕೆಟ್ಟದಾಗಿ ಉರಿಯುವುದನ್ನೇ ಅತ್ತಿಗೆ ಹೆಕ್ಕಿ ತಂದಿದ್ದಳು.

ಮರುದಿನ ನಾದಿನಿ ತಾನೇ ಶೆಡ್ಡಿಗೆ ಹೋದಳು. ಅತ್ತಿಗೆಯ ತಾಯಿ ದೊಡ್ಡ ತೊಟ್ಟಿಯ ಮುಂದೆ ಕೂತು ಹೊಟ್ಟಿಗೆ ಹಿಡಿ ಹಿಡಿಯಾಗಿ ಮಣ್ಣು ಹಾಕುತ್ತಿದ್ದಳು. ಒಂದು ಹಿಡಿ ತುಂಬಾ, ಇನ್ನೊಂದು ಅರ್ಧ. ತನ್ನ ಕಣ್ಣೂ ಆರಿಸದಿರಲೆಂದು ನಾದಿನಿ ಮುಖ ಆಚೆ ತಿರುಗಿಸಿ ರಾಶಿಯ ಮೇಲಿಂದ, ನಡುವಿಂದ, ಬುಡದಿಂದ, ಅಂಚಿನಿಂದ ಕೈಗೆ ಸಿಕ್ಕಿದ್ದನ್ನು ಎತ್ತಿ ಬೇರೆ ಬೇರೆ ಚೀಲಕ್ಕೆ ಹಾಕಿಕೊಂಡಳು.

"ಅಯ್ಯೋ, ಆ ಮುರುಕಲು ಬಿಡೇ! ಮಾನ ಕಳೀತೀಯ."

"ಬಾಯ್ಲರಿಗೆ ಮುರುಕಲೂ ಹೋಗುತ್ತಲ್ಲ ಅತ್ತಿಗೆ?"

ಒಂದೊಂದು ಚೀಲದ್ದನ್ನೂ ಬೇರೆ ಬೇರೆಯಾಗಿ ಸುಟ್ಟಳು. ಈ ಬಾರಿ ಉತ್ತರಗಳು ಒಂದರಿಂದೊಂದು ದೂರ ನಿಂತವು. ಸರಾಸರಿ ತೆಗೆದು, ಅವು ಎಷ್ಟು ಚೆದುರಿವೆ ಎಂಬುದರ ಜೊತೆ ಡಬ್ಬದ ತಪ್ಪಿನ ಸಣ್ಣ ಪಾಲನ್ನೂ ಸೇರಿಸಿ ವರದಿ ಬರೆದಳು: ಮೂರು ಸಾವಿರದ ಎಂಟುನೂರ ತೊಂಬತ್ತು, ನೂರಿಪ್ಪತ್ತು ಹೆಚ್ಚು ಅಥವಾ ಕಡಿಮೆ.

ಅತ್ತಿಗೆಯ ಮುಖ ಅರಳಿದ್ದು ಅಲ್ಲೇ ಬಾಡಿತು. "ಆ ನೂರಿಪ್ಪತ್ತು ಅಳಿಸಿಬಿಡು. ನಿನ್ನ ಅಣ್ಣನ ಮುಖ ನೋಡಿಯಾದ್ರೂ."

"ಅಣ್ಣನ ಮುಖ ಹುಟ್ಟಿದಾಗಿಂದ ನೋಡ್ತಿದೀನಿ, ಅದರಿಂದ ಬಿಸಿ ಏರಲ್ಲ."

"ನಿನಗೆ ಕೆಲಸ ಬರಲ್ಲ ಅಂದ್ಕೋತಾರೆ ಕಣೇ!"

"ಅಂದ್ಕೊಳ್ಳಲಿ. ನನಗೆ ಎಷ್ಟು ಗೊತ್ತಿಲ್ಲ ಅನ್ನೋದೂ ಗೊತ್ತಿದೆ. ಅದನ್ನೇ ಬರೆದಿದೀನಿ."

ಕಾರ್ಖಾನೆಯ ಬಾಯ್ಲರು ನೋಡಿಕೊಳ್ಳುವವನನ್ನು ಎಲ್ಲರೂ ಹೊಗೆಯಣ್ಣ ಎನ್ನುತ್ತಿದ್ದರು. ಅವನು ವರದಿಯನ್ನು ನಿಧಾನವಾಗಿ ಓದಿದ. ಅತ್ತಿಗೆ ಉಗುರು ಕಚ್ಚುತ್ತ ನಿಂತಿದ್ದಳು.

"ಈ ನೂರಿಪ್ಪತ್ತು ಏನಮ್ಮಾ?"

"ಹೆಚ್ಚಿನ ಪಾಲು ರಾಶಿಯದು," ಎಂದಳು ನಾದಿನಿ. "ಉಂಡೆಯಿಂದ ಉಂಡೆಗೆ ಮಣ್ಣು ಒಂದೇ ಸಮ ಇಲ್ಲ."

"ಹಿಂದೆ ಉಂಡೆ ಕೊಡ್ತಿದ್ದವನ ಚೀಟಿಯಲ್ಲಿ ನಾಲ್ಕು ಸಾವಿರ ಅಂತ ಖಡಾಖಂಡಿತ ಬರೆದಿತ್ತು. ಒಂದು ದಿನ ಉರಿ ಆಕಾಶಕ್ಕೆ, ಮಾರನೇ ದಿನ ಹಾಲು ಕಾಯೋದೇ ಇಲ್ಲ. ಏರಿಳಿತ ಇಷ್ಟು ಅಂತ ಒಬ್ಬರಾದ್ರೂ ಹೇಳಿದ್ರೆ ನಾನು ಗಾಳಿ ಬಿಡೋದನ್ನ ಅದಕ್ಕೆ ಹೊಂದಿಸ್ಕೋತಿದ್ದೆ." ಅವನು ಅತ್ತಿಗೆಯ ಕಡೆ ತಿರುಗಿದ. "ಸದ್ಯಕ್ಕೆ ಸಣ್ಣ ಬಾಯ್ಲರಿಗೆ ಹಾಕಿ ತಾಯಿ. ತೀರಾ ಇಳಿದಾಗ ನಾವು ಕೇಳಿದ್ದಕ್ಕಿಂತ ಮೂವತ್ತು ಕಡಿಮೆ ಬೀಳುತ್ತೆ, ಅಲ್ಲಿ ಅದು ನಡೆಯುತ್ತೆ. ಆ ನೂರಿಪ್ಪತ್ತು ಎಂಬತ್ತಕ್ಕೆ ಇಳಿದ ದಿನ ದೊಡ್ಡದಕ್ಕೂ ತಗೋತೀನಿ."

ಗೇಟು ದಾಟುವವರೆಗೂ ಅತ್ತಿಗೆ ಉಸಿರು ಬಿಟ್ಟಂತಿರಲಿಲ್ಲ. ಆಮೇಲೆ ನಾದಿನಿಯ ತೋಳು ಹಿಡಿದಳು.

"ಎಂಬತ್ತಕ್ಕೆ ಇಳಿಸೋದು ಹೇಗೆ, ಅದನ್ನ ಹೇಳು."

"ಮಣ್ಣು ಅಳೆದು ಹಾಕಿ, ಚೆನ್ನಾಗಿ ಕಲಸಿ."

"ಅಮ್ಮನ ಕೈ ಹಿಡಿಯೋದು ಯಾರು?"

"ನೀವೇ. ನಾನು ಬರೀ ನಾದಿನಿ."

ಅತ್ತಿಗೆ ದಾರಿಯಲ್ಲೇ ಅಂಗಡಿಗೆ ನುಗ್ಗಿ ತಗಡಿನ ಅಳತೆ ಡಬ್ಬ ಕೊಂಡಳು. ಶೆಡ್ಡಿನಲ್ಲಿ ಅದನ್ನು ಕಂಡ ತಾಯಿ ಹುಬ್ಬು ಗಂಟಿಕ್ಕಿದಳು.

"ಏನು, ನನ್ನ ಕೈಗಿಂತ ಇದು ದೊಡ್ಡದಾ?"

"ದೊಡ್ಡದಲ್ಲಮ್ಮ. ಬೆಳಗ್ಗೆನೂ ಸಂಜೆನೂ ಒಂದೇ ಅಳತೆ, ಅಷ್ಟೆ."

ಮುದುಕಿ ಗೊಣಗುತ್ತಲೇ ಡಬ್ಬ ತುಂಬಿ, ಮೇಲಿನ ಮಣ್ಣನ್ನು ಅಂಗೈಯಿಂದ ಒರೆಸಿ ಸಮ ಮಾಡಿ, ತೊಟ್ಟಿಗೆ ಸುರಿದಳು. ಅತ್ತಿಗೆ ಮೊಣಕೈವರೆಗೆ ಕೈ ಇಳಿಸಿ ಕಲಸತೊಡಗಿದಳು.