ಮುನ್ನೂರು ವಾಟಿನ ಪಾಲು

“ಎರಡು ಸಲ ಸುಟ್ಟಾವ್ರಿ ಅಕ್ಕಾ. ಇನ್ನ ಹ್ಯಾಂಗ ನಂಬಲಿ ನಿಮ್ಮ ಮಾಲ್?”

ಜಯಮಾಲಾ ಚಪ್ಪಲಿ ಬಿಡುವ ಮೊದಲೇ ಕಲ್ಲಿನಾಥ ಶುರುಹಚ್ಚಿಕೊಂಡ. ಬಸವಕಲ್ಯಾಣದಲ್ಲಿ ಹದಿನೆಂಟು ವರ್ಷದಿಂದ ಸ್ಪೀಕರ್ ಅಂಗಡಿ ನಡೆಸುತ್ತಿದ್ದ ಅವಳಿಗೆ ಇಂಥ ಮಾತು ಹೊಸದಲ್ಲ. ಆದರೆ ಕಲ್ಲಿನಾಥ ಹುಮನಾಬಾದಿನಲ್ಲಿ ಹೆಸರಾದ ಕುರಿ ವ್ಯಾಪಾರಿ. ಬೆಳಿಗ್ಗೆ ಆಡಿದ ಮಾತು ಸಂಜೆಯೊಳಗೆ ಊರು ಸುತ್ತುತ್ತಿತ್ತು. ‘ಕಲ್ಯಾಣದಾಕಿದು ನಕಲಿ ಮಾಲು’ ಎಂದು ಅವನು ಅಂದದ್ದೇ ತಡ, ಇದೇ ಓಣಿಯ ಮೂರು ಮನೆಯವರು ಹೋಮ್ ಥಿಯೇಟರ್ ಬೇಡವೆಂದು ಫೋನು ಮಾಡಿದ್ದರು. ಇವತ್ತು ಆ ಮಾತು ಅಳಿಸದಿದ್ದರೆ ಈ ಊರಲ್ಲಿ ತನ್ನ ಅಂಗಡಿಯ ಹೆಸರು ಮಣ್ಣುಪಾಲು. ಹಾಗಂತ ಅವಳು ಹೆದರಿ ಬಂದಿರಲಿಲ್ಲ. ತಾನು ಮಾರಿದ ಮಾಲು ಎಂಥದೆಂದು ಅವಳಿಗೆ ಗೊತ್ತಿತ್ತು.

ಪಡಸಾಲೆಯಲ್ಲಿ ಕಲ್ಲಿನಾಥನ ತಾಯಿ ಧೂಳಮ್ಮ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಜಯಮಾಲಾ ಸ್ಪೀಕರುಗಳಲ್ಲಿ ಏರುದನಿ ನುಡಿಸುವ ಸುಟ್ಟ ಟ್ವೀಟರುಗಳನ್ನು ಬಿಚ್ಚಿ, ತಂದಿದ್ದ ಹೊಸವನ್ನು ಕೂರಿಸಿದಳು. ಆಮೇಲೆ ಸ್ಪೀಕರುಗಳಿಗೆ ಶಕ್ತಿ ಕೊಡುವ, ಕಲ್ಲಿನಾಥನದೇ ಆದ ರಿಸೀವರ್ ಡಬ್ಬಿಯನ್ನು ತಿರುಗಿಸಿ ಅದರ ಹಿಂಬದಿಯ ಪಟ್ಟಿ ಓದಿದಳು.

“ಅಣ್ಣಾ, ನಿಮ್ಮಪ್ಪ ಐದು ಮಂದಿ ಮಕ್ಕಳಿಗೆ ಮುನ್ನೂರು ಕುರಿ ಬಿಟ್ಟುಹೋದ್ರ ಒಬ್ಬೊಬ್ಬರಿಗೆ ಎಷ್ಟು?”

“ಅರವತ್ತು. ಯಾಕ್ರಿ?”

“ಇದರ ಮುನ್ನೂರು ವಾಟ್ ಐದೂ ಸ್ಪೀಕರಿಗಿ ಕೂಡಿ. ಒಂದಕ್ಕ ಬರೋದು ಅರವತ್ತೇ. ನಾ ಕೊಟ್ಟ ಸ್ಪೀಕರು ಒಂದೊಂದು ಮುನ್ನೂರು ತಡಿಯೋವು.”

ಕಲ್ಲಿನಾಥ ತೊಡೆ ತಟ್ಟಿ ನಕ್ಕ. “ಅಂದ್ರ ನೀವೇ ಸಿಕ್ಕಿಬಿದ್ರಿ! ಮುನ್ನೂರು ತಡಿಯೋದು ಅರವತ್ತಕ್ಕ ಸುಡ್ತದ? ಕರು ಹೂಡಿದ್ರ ದೊಡ್ಡ ಬಂಡಿ ಮುರೀತದೇನ್ರಿ?”

ಮಾತು ಕೇಳಲು ಎಷ್ಟು ಸರಿಯಾಗಿತ್ತೆಂದರೆ ಮೊರದ ಮುಂದಿನ ಧೂಳಮ್ಮನೂ ತಲೆಯಾಡಿಸಿದಳು. ಜಯಮಾಲಾ ವಾದಕ್ಕೆ ಇಳಿಯಲಿಲ್ಲ. ಒಂದು ಡೊಳ್ಳಿನ ಹಾಡು ಹಚ್ಚಿ ವಾಲ್ಯೂಮನ್ನು ಅರ್ಧಕ್ಕೆ ತಂದಳು. ಮೊರದ ಮೇಲಿನ ಕೈ ನಿಂತಿತು. ಮುದುಕಿಯ ಮುಖ ಅರಳಿತು. ಆಮೇಲೆ ಜಯಮಾಲಾ ಪೂರ್ತಿ ಏರಿಸಿದಳು.

“ಏ, ನಿಲ್ಲಸ್ರೆವ್ವಾ!” ಧೂಳಮ್ಮ ಕಿವಿ ಮುಚ್ಚಿಕೊಂಡಳು. “ಆಗ ಹಾಡಾಕತ್ತಿದ್ದ, ಈಗ ಚೀರಾಕತ್ತಾನ!”

“ಅದೇ ನೋಡ್ರಿ ಆಯಿ. ರಿಸೀವರಿಂದು ಕೊರಳು ಸಣ್ಣದು. ಮೀರಿ ಚೀರಿದ್ರ ದನಿ ಒಡೀತದ. ಆ ಒಡದ ದನೀನೇ ಟ್ವೀಟರ್ ಸುಡೋದು.”

“ಖರೇ ಅದ,” ಎಂದಳು ಧೂಳಮ್ಮ. “ನಮ್ಮ ತಮ್ಮ ಹಿಂಗೇ ಚೀರಿ ಕುರಿ ಬೆದರಸ್ತಿದ್ದ. ನಮ್ಮಪ್ಪ ಮೆಲ್ಲಗ ಕೂಗಿದ್ರೂ ಗುಡ್ಡದಾಚಿ ಕುರಿ ತಿರುಗಿ ಬರ್ತಿದ್ವು.”

“ನಾ ಎಂದೂ ಪೂರಾ ಏರಸಿಲ್ಲ,” ಎಂದ ಕಲ್ಲಿನಾಥ.

ಧೂಳಮ್ಮ ಗೋಡೆಗೆ ತೂಗುಹಾಕಿದ್ದ ಭಂಡಾರದ ಚೀಲದತ್ತ ಗದ್ದ ಎತ್ತಿದಳು. “ಮುಟ್ಟಿ ಹೇಳು.”

ಆ ಮನೆಯಲ್ಲಿ ದೇವರ ಅರಿಶಿನ ಮುಟ್ಟಿ ಸುಳ್ಳಾಡಿದವರು ಇರಲಿಲ್ಲ. ಕಲ್ಲಿನಾಥ ಜಾಗ ಬಿಟ್ಟು ಏಳಲಿಲ್ಲ.

ಗೆದ್ದೆನೆಂದು ಜಯಮಾಲಾ ಎದ್ದುಹೋಗಬಹುದಿತ್ತು. ಆದರೆ ಪಟ್ಟಿ ಓದಿದಾಗಿನಿಂದ ಅವಳ ಮನಸ್ಸಿನಲ್ಲಿ ಒಂದು ಮುಳ್ಳು ಚುಚ್ಚುತ್ತಲೇ ಇತ್ತು. “ಅಣ್ಣಾ, ನಂದೂ ತಪ್ಪದ. ಫೋನಿನಾಗ ನೀವು ನಿಮ್ಮ ರಿಸೀವರ್ ಮುನ್ನೂರು ವಾಟ್ ಅಂದ್ರಿ. ಒಂದೊಂದಕ್ಕೋ, ಎಲ್ಲಾ ಕೂಡಿಯೋ ಅಂತ ನಾ ಕೇಳಬೇಕಿತ್ತು, ಕೇಳಲಿಲ್ಲ. ಇವೆರಡು ಟ್ವೀಟರಿಗಿ ರೊಕ್ಕ ಬ್ಯಾಡ. ಆದ್ರ ಮಾಲಿಗಿ ನಕಲಿ ಅನಬ್ಯಾಡ್ರಿ. ದೊಡ್ಡ ರಿಸೀವರ್ ತರೋತನಕ ಇದು ಇಲ್ಲಿಗೇ ನಿಲ್ಲಬೇಕು.” ವಾಲ್ಯೂಮಿನ ಗುಂಡಿಯ ಪಕ್ಕ ಪೆನ್ನಿನಿಂದ ಗೆರೆ ಎಳೆದಳು. ಕರಿಯ ಡಬ್ಬಿಯ ಮೇಲೆ ಅದು ಕಾಣಲೇ ಇಲ್ಲ.

“ಪೆನ್ನಿನ ಗೆರಿಗಿ ಇವ ನಿಲ್ಲಾಂವಲ್ಲ, ತಗಿ,” ಎನ್ನುತ್ತ ಧೂಳಮ್ಮ ಎದ್ದಳು. ಚಿಟಿಕೆ ಭಂಡಾರಕ್ಕೆ ಹನಿ ಎಣ್ಣೆ ಬೆರೆಸಿ ಅದೇ ಜಾಗದಲ್ಲಿ ಒಂದು ಬೊಟ್ಟು ಇಟ್ಟಳು.

ಹಾಡು ಮತ್ತೆ ಶುರುವಾಯಿತು. ಡೊಳ್ಳಿನ ದನಿಗೆ ಎದುರುಮನೆಯ ಪಂಡರಿ ಬಾಗಿಲಿಗೆ ಬಂದು ನಿಂತ. ಬೇಡವೆಂದು ಫೋನು ಮಾಡಿದ ಮೂವರಲ್ಲಿ ಅವನೂ ಒಬ್ಬ.

“ಇನ್ನಷ್ಟು ಏರಸೋ ಕಲ್ಲಣ್ಣ!”

ಕಲ್ಲಿನಾಥನ ಬೆರಳು ಗುಂಡಿ ತಿರುಗಿಸುತ್ತ ಹೋಗಿ ಹಳದಿ ಬೊಟ್ಟಿಗೆ ತಾಗಿ ನಿಂತಿತು.

“ಯಾರ ಮಾಲೋ ಇದು? ಆ ಕಲ್ಯಾಣದ್ದೇ?”

ಜಯಮಾಲಾ ಚೀಲ ಕಟ್ಟುವುದನ್ನು ಬಿಟ್ಟು ನೋಡಿದಳು. ಕಲ್ಲಿನಾಥ ಬೆರಳು ತೆಗೆಯಲಿಲ್ಲ.

“ಹೌದು, ಅಕ್ಕಾರದೇ. ಖರೇ ಮಾಲ್ ಅದ,” ಎಂದ.

ಕೈ ಹಿಂದಕ್ಕೆ ತೆಗೆದಾಗ ಅವನ ಬೆರಳ ತುದಿ ಹಳದಿಯಾಗಿತ್ತು.